ಕೆಮ್ಮು ನುಂಗಿದವನು

ಆ ಗುರುವಾರ ಎಕ್ಸ್‌ರೇ ಕೋಣೆಯಲ್ಲಿ ಗನಿ ಕೆಮ್ಮು ತಡೆದುಕೊಂಡು ಕೂತಿದ್ದ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಗಾಜಿನ ಈಚೆ ನಿಂತಿದ್ದ ನನ್ನತ್ತ ಹುಬ್ಬು ಹಾರಿಸಿದ.

ಇಲೊಯ್ಲೊ ಬಂದರಿನಲ್ಲಿ ದೋಣಿ ನಡೆಸುವವನು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದಿತ್ತು; ಕೈಕಾಲು ಸರಿಹೋದರೂ ನುಂಗುವಾಗ ಗಂಟಲು ಮುನಿಸಿಕೊಳ್ಳುತ್ತಿತ್ತು. ಭಾನುವಾರ ಅವನ ಮನೆಯವರು ನನ್ನನ್ನು ಮದುವೆಗೆ ಕೇಳಲು ನಮ್ಮ ಮನೆಗೆ ಬರುವವರಿದ್ದರು. ಹೆಣ್ಣಿನ ತಾಯಿ ಬಡಿಸಿದ್ದನ್ನು ಗಂಡು ಉಣ್ಣದಿದ್ದರೆ ನಮ್ಮಮ್ಮನ ಲೆಕ್ಕದಲ್ಲಿ ಮಾತು ಅಲ್ಲಿಗೇ ಮುಗಿಯಿತು.

ಡಾಕ್ಟರು "ಅರ್ಥವಾಯ್ತಾ?" ಎಂದಾಗಲೆಲ್ಲ ಗನಿ ಹುಬ್ಬು ಎತ್ತಿ ಹೂಂ ಎಂದಿದ್ದ. ಓದಿದವರನ್ನು ಮತ್ತೆ ಕೇಳಲು ನಾಚಿಕೆ. ನಾನೂ ಹಾಗೆಯೇ.

ನುಂಗುವುದನ್ನು ಕಲಿಸುವ ಥೆರಪಿಸ್ಟ್ ಲಿಗಾಯಾ ಯಂತ್ರ ನಿಲ್ಲಿಸಿ ಅವನನ್ನು ಅಣ್ಣ ಎಂದು ಕರೆದಳು. "ಮಾನೊಂಗ್, ಈ ಟೆಸ್ಟ್ ಯಾಕೆ ಅಂತ ನಿಮ್ಮ ಮಾತಲ್ಲೇ ಹೇಳಿ, ನೋಡೋಣ."

ಹುಬ್ಬು ಕೆಳಗಿಳಿಯಿತು. "ನಾನು ಪಾಸಾ ಫೇಲಾ ಅಂತ... ಕೆಮ್ಮಿದ್ರೆ ಫೇಲು. ಮೂಗಿಗೆ ಪೈಪ್ ಹಾಕ್ತಾರೆ."

ಅವಳು ನಗಲಿಲ್ಲ. "ಪಾಸೂ ಇಲ್ಲ, ಫೇಲೂ ಇಲ್ಲ. ತಿಂದಿದ್ದು ಯಾವ ದಾರೀಲಿ ಹೋಗುತ್ತೆ ಅಂತ ನೋಡೋದು, ಅಷ್ಟೆ. ಕೆಮ್ಮು ಬಂದ್ರೆ ಕೆಮ್ಮಿಬಿಡಿ, ಅದು ನಿಮ್ಮ ಉಸಿರನ್ನ ಕಾಯೋದು."

ಆಮೇಲೆ ನಮ್ಮಿಬ್ಬರಿಗೂ ಪರದೆಯ ಮೇಲೆ ಓಡುವ ಚಿತ್ರ ತೋರಿಸಿದಳು. ಎಕ್ಸ್‌ರೇಯಲ್ಲಿ ಕಾಣಲೆಂದು ಮದ್ದು ಬೆರೆಸಿ ನುಂಗಿಸಿದ್ದ ಬಿಳಿ ಗುಟುಕು ನಾಲಿಗೆಯಿಂದ ಜಾರಿತು. ಗಂಟಲು ಮೇಲೆದ್ದಿತು, ಪುಟ್ಟ ಮುಚ್ಚಳವೊಂದು ಬಾಗಿ ಉಸಿರಿನ ದಾರಿ ಮುಚ್ಚಿತು. ಗಟ್ಟಿ ಗಂಜಿಗೆ ಸರಿಯಾಗಿ, ತೆಳು ನೀರಿಗೆ ಸ್ವಲ್ಪ ತಡವಾಗಿ. ಆ ತಡದಲ್ಲಿ ಬಿಳಿ ಎಳೆಯೊಂದು ಉಸಿರಿನ ದಾರಿಗೆ ಇಳಿದಿತ್ತು. ನನಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ನೂಡಲ್ ಸೂಪ್ ಮಾರಿದವಳು ನಾನು, ಒಂದು ಗುಟುಕಿನ ಹಿಂದೆ ಇಷ್ಟೆಲ್ಲ ನಡೆಯುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ.

"ನನ್ನೊಳಗೆ ಇದೆಲ್ಲಾ ನಡೀತಿದ್ಯಾ, ಮರಿವಿಕ್?"

"ಹೂಂ. ನೀನು ನೋಡಿದ್ರೆ ಕೆಮ್ಮು ಬಚ್ಚಿಟ್ಕೊಂಡು ಕೂತಿದ್ದೆ."

"ನಿನ್ನ ಕಳ್ಕೊಂಡ್ಬಿಡ್ತೀನಿ ಅಂತ ಭಯ ಕಣೇ."

"ಕೆಮ್ಮಿದ್ರೆ ಬಿಟ್ಟುಹೋಗ್ತೀನಿ ಅಂದ್ಕೊಂಡ್ಯಾ, ಪೆದ್ದ?" ನನಗೆ ಅಳು ತಡೆಯಲಾಗಲಿಲ್ಲ.

ಭಾನುವಾರ ಅಮ್ಮ ಕೋಳಿ ಸೂಪು ಬಡಿಸಿದಳು, ನೀರಿನಷ್ಟು ತೆಳು. ಗನಿ ಚಮಚ ಮುಟ್ಟಲಿಲ್ಲ. ಎರಡೂ ಮನೆಯವರೆದುರು ಗಂಟಲ ಮೇಲೆ ಕೈಯಿಟ್ಟು ನನ್ನಮ್ಮನನ್ನು ತಾಯಿ ಎಂದೇ ಕರೆದ.

"ನಾನಾಯ್, ಇಲ್ಲೊಂದು ಮುಚ್ಚಳ ಇದೆ. ನಂದು ಸ್ವಲ್ಪ ಸೋಮಾರಿ. ತೆಳ್ಳಗಿರೋದು ನಂಗಾಗಲ್ಲ. ಗಟ್ಟಿ ಇದ್ರೆ, ಥೆರಪಿಸ್ಟ್ ಹೇಳ್ಕೊಟ್ಟ ಹಾಗೆ ಗದ್ದ ಹಿಂಗೆ ಎದೆಗೊತ್ತಿ ನುಂಗ್ತೀನಿ."

ಅಮ್ಮ ಬಟ್ಟಲೆತ್ತಿಕೊಂಡು ಒಳಗೆ ಹೋದಳು. ಮಾತು ಇಲ್ಲಿಗೇ ಮುಗಿಯಿತು ಎಂದುಕೊಂಡೆ.

ಅದೇ ಸೂಪಿಗೆ ಅನ್ನ ನುಣ್ಣಗೆ ಕಿವುಚಿ, ಗಟ್ಟಿ ಮಾಡಿ ತಂದಿಟ್ಟಳು. ಗನಿ ಗದ್ದ ತಗ್ಗಿಸಿ ನುಂಗಿದ. ಅಮ್ಮನೂ ಒಂದು ಚಮಚ ಬಾಯಿಗಿಟ್ಟು ಗದ್ದ ತಗ್ಗಿಸಿದಳು. ನೋಡನೋಡುತ್ತ ಮೇಜಿನ ಸುತ್ತಲಿದ್ದವರೆಲ್ಲ ಹಾಗೇ ಮಾಡಿದರು.

ಅಮ್ಮ ತನ್ನ ಗಂಟಲು ಮುಟ್ಟಿಕೊಂಡು ಬೆರಗಾದಳು. "ಅಯ್ಯೋ ದೇವ್ರೇ, ನನ್ನೊಳಗೂ ಗಂಟಲು ಎದ್ದು ಕೂತ್ಕೊಳ್ತು!" ಬಟ್ಟಲನ್ನು ಅವನತ್ತ ಇನ್ನಷ್ಟು ಸರಿಸಿದಳು. "ತಿನ್ನು ಮಗನೇ. ನಿಧಾನ."