ಹೊಡೆದು ಹಾಕದ ಸಾಲು

ಸೋಮವಾರ, 26ನೇ ತಾರೀಖು, ಬೆಳಿಗ್ಗೆ 10.20. ದೂರುದಾರ ಒಳಗೆ ಬಂದಾಗ ಇನ್‌ಸ್ಪೆಕ್ಟರ್ ತಮ್ಮ ಕುರ್ಚಿಯ ಮುರಿದ ಕೈಗೆ ಟೇಪ್ ಸುತ್ತುತ್ತಿದ್ದರು. ಹೊಸ ಕುರ್ಚಿ ಕೇಳಿ ಬರೆದ ಪತ್ರ ಎರಡು ವರ್ಷದಿಂದ ಯಾವ ಮೇಜಿನ ಮೇಲೆ ನಿದ್ದೆ ಮಾಡುತ್ತಿದೆಯೋ ದೇವರೇ ಬಲ್ಲ.

ಬಂದವನು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯವನು. ವಯಸ್ಸು ನಲವತ್ತರ ಆಸುಪಾಸು. ಕೂರುವ ಮೊದಲೇ ಮಾತು ಶುರು ಮಾಡಿದ.

"ನಮ್ಮತ್ತೆ ತೀರ್ಕೊಂಡು ಒಂಬತ್ತು ದಿನ ಆಯ್ತು ಸಾರ್. ಅಪ್ಪನ ಅಕ್ಕ. ಮನೆ ನನಗೆ ಅಂತ ಎಂಟು ವರ್ಷದ ಹಿಂದೇನೇ ವಿಲ್ ಬರೆಸಿದ್ರು. ಈಗ ನೋಡಿದ್ರೆ ವಕೀಲರ ಬೀರುವಿಂದ ಇನ್ನೊಂದು ವಿಲ್ ಬಂತು. ಮನೆಗೆಲಸದವಳ ಹೆಸರಿಗೆ!"

"ಅದರ ತಾರೀಖು?"

"ಹದಿನಾಲ್ಕು. ಅತ್ತೆ ಹೋಗಿದ್ದು ಹದಿನೇಳಕ್ಕೆ."

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು ಸಾರ್, ಅವಳೇ. ಹನ್ನೊಂದು ವರ್ಷ ಮನೇಲಿದ್ದು ಬುಟ್ಟಿಗೆ ಹಾಕ್ಕೊಂಡಿದ್ದಾಳೆ. ಅತ್ತೆಗೆ ಆರನೇ ವಯಸ್ಸಿಂದ ಕಿವಿ ಕೇಳಿಸ್ತಿರಲಿಲ್ಲ. ಏನಿದ್ರೂ ಬರೆದೇ ಹೇಳ್ಬೇಕು. ಯಾಮಾರಿಸೋದು ಎಷ್ಟು ಹೊತ್ತು?"

"ನೀವು ಅತ್ತೇನ ನೋಡೋಕೆ ಯಾವಾಗ ಹೋಗಿದ್ರಿ?"

ಅಂಗಡಿಯವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಅಂಗಡಿ ಬಿಟ್ಟು ಬರೋಕಾಗಲ್ಲ ಸಾರ್."

ಆ ಉತ್ತರವನ್ನು ದೂರಿನಲ್ಲಿ ಬರೆಯುವ ಅಗತ್ಯವಿರಲಿಲ್ಲ. 10.55ಕ್ಕೆ ನಕಲಿ ದಾಖಲೆ ಸೃಷ್ಟಿ ಮತ್ತು ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನ ಹೆಸರು ಕಾಮಾ. ಅವನು ಬರೆದ ಪಂಚನಾಮೆಯಲ್ಲಿ ಪೂರ್ಣವಿರಾಮ ಬರುವುದು ಕೊನೆಯ ಪುಟದಲ್ಲಿ ಮಾತ್ರ. ಅಲ್ಲಿಯವರೆಗೂ ಬರೀ ಕಾಮಾ.

11.40. ವಕೀಲರ ಕಚೇರಿ ಒಂದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ವಿಲ್, ಕ್ರಯಪತ್ರ, ಬಾಡಿಗೆ ಕರಾರು, ವಿಚ್ಛೇದನ, ದತ್ತು, ಅಪಘಾತ ಪರಿಹಾರ ಎಂದು ಬೋರ್ಡಿನ ತುಂಬ ಬರೆಸಿ, ಜಾಗ ಸಾಲದೆ ಕೊನೆಗೆ 'ಇತ್ಯಾದಿ' ಎಂದು ಮುಗಿಸಿದ್ದರು. ಒಳಗೆ ಬೆಂಚಿನ ಮೇಲೆ ಏಳು ಜನ ಕಾಯುತ್ತಿದ್ದರು. ಅವರಲ್ಲಿ ಗಂಡ ಹೆಂಡತಿ ಇಬ್ಬರು ಬೆಂಚಿನ ಎರಡು ತುದಿಗೆ ಕೂತಿದ್ದರು. ಅವರು ಬಂದ ಕೆಲಸ ಯಾವುದೆಂದು ಕೇಳಬೇಕಾಗಿರಲಿಲ್ಲ.

ವಕೀಲರು ಕೋಟಿನ ಒಂದು ತೋಳು ಹಾಕಿಕೊಂಡೇ ಮಾತಾಡಿದರು. "ನಾನು ಇದನ್ನ ಬರೆಸಿದ್ದು ನೆನಪಿಲ್ಲ ಇನ್‌ಸ್ಪೆಕ್ಟರೇ. ಆದ್ರೆ ಇಲ್ಲಿ ದಿನಕ್ಕೆ ನಲವತ್ತು ಕಾಗದ ಓಡಾಡ್ತವೆ. ಸೀಲ್ ನಮ್ಮದೇ. ಸೀಲ್ ಮೇಜಿನ ಮೇಲೇ ಇರತ್ತೆ."

"ಟೈಪ್ ಮಾಡೋರು ಯಾರು?"

"ನಮ್ಮ ಗುಮಾಸ್ತರು. ಇಪ್ಪತ್ತಾರು ವರ್ಷದಿಂದ ಇದಾರೆ. ಈ ಆಫೀಸು ನಡೀತಿರೋದೇ ಅವರಿಂದ."

ಗುಮಾಸ್ತರು ಎದ್ದು ನಿಂತರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ವಿಲ್ಲಿನ ಮೊದಲ ಸಾಕ್ಷಿ ಅವರೇ.

"ಹದಿನಾಲ್ಕನೇ ತಾರೀಖು ಅವರು ಬಂದಿದ್ರಾ?"

"ಬಂದಿದ್ರು ಸಾರ್." ಅಷ್ಟು ಹೇಳಿ ಕೂತುಬಿಟ್ಟರು.

ಎರಡನೇ ಸಾಕ್ಷಿ ಮೆಟ್ಟಿಲ ಕೆಳಗಿನ ಜೆರಾಕ್ಸ್ ಅಂಗಡಿಯವನು.

"ಇದು ನಿನ್ನ ಸಹಿ ತಾನೆ?"

"ನನ್ನದೇ ಸಾರ್."

"ಆ ಅಜ್ಜಿ ಸಹಿ ಹಾಕಿದ್ದನ್ನ ನೋಡಿದ್ಯಾ?"

"ಯಾವ ಅಜ್ಜಿ ಸಾರ್?"

ಕಾಮಾ ಕೆಮ್ಮಿದ. ನಗು ತಡೆಯಲು ಅವನಿಗೆ ಬೇರೆ ದಾರಿ ತೋಚಲಿಲ್ಲ. ಗುಮಾಸ್ತರು ಕಾಗದ ಹಿಡಿದು ಬಂದರೆ ಈತ ಸಹಿ ಹಾಕುತ್ತಾನಂತೆ. ಯಾರ ವಿಲ್, ಯಾರ ಕರಾರು, ಯಾವ ದಿನ, ಒಂದೂ ಗೊತ್ತಿಲ್ಲ. "ಒಳ್ಳೆಯವರು ಸಾರ್, ಅವರ ಮೇಲೆ ನಂಬಿಕೆ" ಎಂದ. ಒಳ್ಳೆಯವರನ್ನು ನಂಬಿ ಸಿಕ್ಕಿಬಿದ್ದವರ ಪಟ್ಟಿ ಮಾಡಿದರೆ ಠಾಣೆಯ ರಿಜಿಸ್ಟರ್ ಸಾಲದು. ಎರಡೂ ವಿಲ್ಲುಗಳನ್ನು ಪಂಚರ ಮುಂದೆ ವಶಕ್ಕೆ ಪಡೆಯಲಾಯಿತು. ಸಹಿಯ ಮಾದರಿ ಕೈಬರಹ ತಜ್ಞರಿಗೆ ಹೋಯಿತು. ವರದಿಗೆ ಮೂರು ವಾರ ಎಂದರು. ಅವರ ಮೂರು ವಾರ ಎಂದರೆ ಎರಡು ತಿಂಗಳು.

ಮಧ್ಯಾಹ್ನ 3.10. ಮನೆ ಚಿಕ್ಕದು: ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆಗೆದ ಮನೆಗೆಲಸದಾಕೆಗೆ ಐವತ್ತು ದಾಟಿತ್ತು. ಪೊಲೀಸರನ್ನು ಕಂಡು ಆಕೆಯ ಕೈ ಸೆರಗಿನ ತುದಿಗೆ ಹೋಯಿತು.

"ಆ ಅಣ್ಣ ದೂರು ಕೊಟ್ರಾ ಸಾರ್? ನಿನ್ನೇನೇ ಹೇಳಿದ್ರು, ಜೈಲಿಗೆ ಕಳಿಸ್ತೀನಿ ಅಂತ."

"ವಿಲ್ ವಿಷಯ ನಿಮಗೆ ಗೊತ್ತಿತ್ತಾ?"

"ಬರೆಸ್ತೀನಿ ಅಂತಿದ್ರು. ಬರೆಸಿದ್ದು ಗೊತ್ತಿಲ್ಲ. ವಕೀಲರ ಹತ್ರ ಹೋಗಿ ಹೋಗಿ ಬರ್ತಿದ್ರು."

ಅಡುಗೆಮನೆಯ ಬಾಗಿಲಿಗೆ ದಾರದಲ್ಲಿ ಒಂದು ಸ್ಲೇಟು ತೂಗುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಔಷದ ಕಾಲಿ' ಎಂದಿತ್ತು. 'ದ'ದ ಹೊಟ್ಟೆ ಸೀಳಿ, 'ಕಾ'ಗೆ ಅಡ್ಡಗೆರೆ ಎಳೆದು, ಮೇಲೆ ಚೊಕ್ಕಟವಾಗಿ 'ಖಾ' ಎಂದು ಬೇರೆ ಕೈಯವರು ತಿದ್ದಿದ್ದರು.

"ಇದು?"

"ನಾನು ಬರೆದಿದ್ದು, ಅಮ್ಮ ತಿದ್ದಿದ್ದು. ಹೋಗೋ ಹಿಂದಿನ ದಿನ." ಆಕೆ ಕಣ್ಣೊರೆಸಿಕೊಂಡಳು. "ನಾನು ಬಂದಾಗ ಒಂದಕ್ಷರ ಬರ್ತಿರಲಿಲ್ಲ ಸಾರ್. ಅಮ್ಮನ ಜೊತೆ ಮಾತಾಡ್ಬೇಕಂದ್ರೆ ಬರೀಲೇಬೇಕಲ್ಲ, ಅವರೇ ಕಲಿಸಿದ್ರು. ಪ್ರೆಸ್ಸಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿದೋರು. ಬೀದಿಯವರೆಲ್ಲ ಪ್ರೂಫಮ್ಮ ಅಂತಾನೇ ಕರೀತಿದ್ರು. ಅಂಗಡಿ ಚೀಟಿ ಬಂದ್ರೂ ತಿದ್ದಿ ವಾಪಸ್ ಕಳಿಸೋರು."

ಇನ್‌ಸ್ಪೆಕ್ಟರ್ ಹೊಸ ವಿಲ್ಲನ್ನು ಮುಂದೆ ಚಾಚಿದರು. "ಓದಿ. ಸಹಿ ಅವರದೇನಾ ನೋಡಿ ಹೇಳಿ."

ಆಕೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಪದ ಓದಿದಳು. ತನ್ನ ಹೆಸರು ಬಂದ ಕಡೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಎರಡನೇ ಪುಟದ ಕೊನೆಗೆ ಬಂದವಳು ಮತ್ತೆ ಹಿಂದೆ ಹೋಗಿ ಓದಿದಳು. ಆಮೇಲೆ ತಲೆಯೆತ್ತಿದಳು.

"ಇದು ಅಮ್ಮ ನೋಡಿದ ಕಾಗದ ಅಲ್ಲ ಸಾರ್."

"ಯಾಕೆ? ಸಹಿ ಸರಿ ಇಲ್ವಾ?"

"ಸಹಿ ನಂಗೊತ್ತಾಗಲ್ಲ. ಇಲ್ನೋಡಿ." ಅವಳ ಬೆರಳು ಸಹಿಯ ಮೇಲಿನ ಸಾಲಿನ ಮೇಲಿತ್ತು: *ಸದರಿ ಪತ್ರವನ್ನು ನನಗೆ ಓದಿ ಹೇಳಲಾಗಿ, ಕೇಳಿ ತಿಳಿದು, ಒಪ್ಪಿ ಸಹಿ ಮಾಡಿರುತ್ತೇನೆ.* "ಅಮ್ಮನಿಗೆ ಓದಿ ಹೇಳಿದ್ರೆ ಎಲ್ಲಿ ಕೇಳಿಸತ್ತೆ? ಅವರು ಇದನ್ನ ಹೊಡೆದು ಹಾಕದೆ ಸಹಿ ಮಾಡ್ತಾನೇ ಇರಲಿಲ್ಲ. ಪ್ರಾಣ ಹೋದ್ರೂ ಮಾಡ್ತಿರಲಿಲ್ಲ."

ಕಾಮಾ ಬರೆಯುವುದನ್ನು ನಿಲ್ಲಿಸಿದ. ಅವನ ನೌಕರಿಯಲ್ಲಿ ಇದು ಅಪರೂಪ.

"ಅಮ್ಮಾ," ಎಂದರು ಇನ್‌ಸ್ಪೆಕ್ಟರ್, "ಈ ಕಾಗದ ಸುಳ್ಳಾದ್ರೆ ಮನೆ ನಿಮಗೆ ಸಿಗಲ್ಲ. ಹಳೇ ವಿಲ್ಲೇ ಗಟ್ಟಿ. ಗೊತ್ತಾಯ್ತಾ?"

ಆಕೆಗೆ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಅಡುಗೆಮನೆಯ ಕಡೆ ನೋಡಿದಳು, ಸ್ಲೇಟಿನ ಕಡೆ ನೋಡಿದಳು.

"ತಪ್ಪು ತಪ್ಪೇ ಅಲ್ವಾ ಸಾರ್. ಅಮ್ಮನ ಹೆಸರಲ್ಲಿ ತಪ್ಪು ಕಾಗದ ಇರೋದು ಬೇಡ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಾನೆಲ್ಲಿಗೆ ಹೋಗ್ಲಿ?"

ಇನ್‌ಸ್ಪೆಕ್ಟರ್ ವಿಲ್ಲನ್ನು ಮಡಚಿ ಕಡತಕ್ಕೆ ಸೇರಿಸಿದರು. ಕೊಲೆಗಾರರ ಮುಂದೆ ಕೂತು ಊಟ ಮಾಡಿದ ಮನುಷ್ಯನಿಗೆ ಅಂದು ಸಂಜೆ ತಿಂಡಿ ಸೇರಲಿಲ್ಲ. ತನಿಖೆ ಮುಂದೆ ಹೋಗಲು ಬೇಕಾಗಿದ್ದ ಎಳೆಯನ್ನು ಆಕೆ ತನ್ನ ಮನೆಯಿಂದಲೇ ಕಿತ್ತು ಕೊಟ್ಟಿದ್ದಳು. ಅದರಿಂದ ಅವರಿಗೆ ನಿಜಕ್ಕೂ ಸಂಕಟವಾಯಿತು.

ಮಂಗಳವಾರ, 27. ಬೆಳಿಗ್ಗೆ 10.05. ವಕೀಲರು ಕೋರ್ಟಿಗೆ ಹೋಗಿದ್ದರು. ಇನ್‌ಸ್ಪೆಕ್ಟರ್ ಅವರ ಕಚೇರಿಯಲ್ಲಿ ಕೂತು ಪ್ರೂಫಮ್ಮನ ಹಳೆಯ ಕಡತ ತರಿಸಿದರು. ಅದರಲ್ಲಿ ಒಂದು ಬಾಡಿಗೆ ಕರಾರು, ಒಂದು ಪಿಂಚಣಿ ಪ್ರಮಾಣಪತ್ರ, ಎಂಟು ವರ್ಷದ ಹಿಂದಿನ ವಿಲ್ಲಿನ ನಕಲು ಇದ್ದವು. ಮೂರರಲ್ಲೂ ಅದೇ ಸಾಲು. ಮೂರರಲ್ಲೂ ಆ ಸಾಲಿಗೆ ನೇರವಾದ ಒಂದು ಗೆರೆ, ಮೇಲೆ 'ನಾನೇ ಓದಿದ್ದೇನೆ' ಎಂಬ ಬರಹ, ಪಕ್ಕದಲ್ಲಿ ಚಿಕ್ಕ ಸಹಿ.

ಇನ್‌ಸ್ಪೆಕ್ಟರ್ ಹೊಸ ವಿಲ್ಲನ್ನೂ ಸೇರಿಸಿ ನಾಲ್ಕೂ ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ಗುಮಾಸ್ತರೇ, ಈ ನಾಲ್ಕನೇದರಲ್ಲಿ ಗೆರೆ ಎಲ್ಲಿ?"

ಗುಮಾಸ್ತರು ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು.

"ಮನೆಗೆಲಸದಾಕೇನ ಇವತ್ತು ಠಾಣೆಗೆ ಕರೆಸ್ಬೇಕಾಗತ್ತೆ," ಎಂದರು ಇನ್‌ಸ್ಪೆಕ್ಟರ್. "ಲಾಭ ಅವರಿಗೇ ತಾನೆ?"

"ಅವಳಿಗೇನೂ ಗೊತ್ತಿಲ್ಲ ಸಾರ್. ನಾನೇ." ಗುಮಾಸ್ತರು ಕುರ್ಚಿ ಎಳೆದು ಕೂತರು. "ಕಿಟಕಿ ಗಾಜಿಗೆ ಹಳೇ ಸಹಿ ಒತ್ತಿಟ್ಟು ನಕಲು ಮಾಡ್ದೆ. ಹತ್ತೊಂಬತ್ತನೇ ತಾರೀಖು, ಸೋಮವಾರ. ಅವರು ಹೋದ ಸುದ್ದಿ ಬಂದ ದಿನ."

"ಆಕೆ ನಿಮಗೇನಾಗ್ಬೇಕು?"

"ಏನೂ ಆಗಲ್ಲ. ನೋಡಿದ್ದು ಒಂದೆರಡು ಸಲ."

"ಮತ್ತ್ಯಾಕೆ?"

ಗುಮಾಸ್ತರು ಮೇಜಿನ ಡ್ರಾಯರ್ ತೆರೆದು ಕ್ಲಿಪ್ ಹಾಕಿದ ಮೂರು ಚೀಟಿ ಮುಂದಿಟ್ಟರು. ಪ್ರೂಫಮ್ಮ ಬರೆದೇ ಮಾತಾಡುತ್ತಿದ್ದರಲ್ಲ, ಮಾತು ಹಾಗೇ ಉಳಿದಿತ್ತು. ಮೊದಲ ಚೀಟಿ, ಆ ತಿಂಗಳು ಎರಡನೇ ತಾರೀಖಿನದು: 'ಮನೆಯನ್ನು ನನ್ನ ಜೊತೆಗಿರುವವಳಿಗೆ ಬರೆಯಬೇಕು. ವಕೀಲರು ಇದ್ದಾರೆಯೇ?' ಕೆಳಗೆ ಗುಮಾಸ್ತರ ಉತ್ತರ: 'ಬುಧವಾರ ಬನ್ನಿ.' ಎರಡನೆಯದು ಬುಧವಾರ, ಏಳರದು. ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯದು ಹದಿನಾಲ್ಕರದು: 'ಮೂರನೇ ಸಲ ಬಂದಿದ್ದೇನೆ.' ಕೆಳಗೆ ಗುಮಾಸ್ತರು ಅವಸರದಲ್ಲಿ 'ಬರುವ ಬುಧವಾರ ಕಂಡಿತ' ಎಂದು ಬರೆದಿದ್ದರು. ಅದರ 'ಕ'ಕ್ಕೆ ಗೆರೆ ಎಳೆದು 'ಖ' ಮಾಡಿ, ಮುದುಕಿ ಎದ್ದು ಹೋಗಿದ್ದರು.

"ಹದಿನಾಲ್ಕಕ್ಕೂ ವಕೀಲರು ಇರಲಿಲ್ವಾ?"

"ಇದ್ರು ಸಾರ್." ಗುಮಾಸ್ತರು ಮೂರನೇ ಚೀಟಿಯನ್ನು ಬೆರಳಿಂದ ನೇರ ಮಾಡಿದರು. "ಒಳಗೇ ಇದ್ರು. ಒಂದು ದೊಡ್ಡ ಕ್ರಯಪತ್ರದ ಪಾರ್ಟಿ ಬರೋದಿತ್ತು. ಇವರ ಹತ್ರ ಎಲ್ಲಾ ಬರೆದೇ ಮಾತಾಡ್ಬೇಕು, ಅರ್ಧ ಗಂಟೆ ಹಿಡಿಯತ್ತೆ ಅಂತ ನಾನೇ ವಾಪಸ್ ಕಳಿಸ್ದೆ. ಮೂರೇ ದಿನಕ್ಕೆ ಹೋಗ್ಬಿಟ್ರು. ಅರ್ಧ ಗಂಟೆ ಸಾರ್... ಅರ್ಧ ಗಂಟೆ ಕೊಟ್ಟಿದ್ರೆ ಆಗ್ತಿತ್ತು."

"ಇಪ್ಪತ್ತಾರು ವರ್ಷದ ಗುಮಾಸ್ತರು ಆ ಸಾಲನ್ನ ಯಾಕೆ ತೆಗೀದೆ ಬಿಟ್ರಿ?"

"ಬೇಕೂಂತ್ಲೇ ಬಿಡ್ತಿದ್ದೆ. ಮೊದಲನೇ ಸಲ ತಪ್ಪಾಗಿ ಬಂತು. ಅವರು ಹೊಡೆದು ನಕ್ಕರು ನೋಡಿ, ಆಮೇಲೆ ಪ್ರತಿ ಸಲ ಅವರಿಗೋಸ್ಕರ ಹಾಗೇ ಇಡ್ತಿದ್ದೆ. ಹೊಡೆಯೋದಂದ್ರೆ ಅವರಿಗೆ ಖುಷಿ." ಗುಮಾಸ್ತರು ನಾಲ್ಕನೇ ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಅವತ್ತೂ ಇಟ್ಟೆ. ಹೊಡೆಯೋಕೆ ಅವರಿಲ್ಲ ಅನ್ನೋದು ಹೊಳೀಲೇ ಇಲ್ಲ."

11.30ಕ್ಕೆ ಚೀಟಿಗಳನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು, ಗುಮಾಸ್ತರನ್ನು ಠಾಣೆಗೆ ಕರೆತಂದರು. ಅಕ್ಷರ ಗುರುತಿಸಲು ದೂರು ಕೊಟ್ಟ ಅಂಗಡಿಯವನನ್ನು ಕರೆಸಿದರು. ಅವನು ಮೂರೂ ಚೀಟಿ ಓದಿದ. ಮೂರನೆಯದನ್ನು ಎರಡು ಸಲ ಓದಿದ.

"ಅಕ್ಷರ ಅತ್ತೇದೇ," ಎಂದ. "ಆದ್ರೆ ಇದು ವಿಲ್ ಅಲ್ವಲ್ಲ ಸಾರ್?"

"ಅಲ್ಲ. ಸಾಕ್ಷಿಗಳ ಸಹಿ ಇಲ್ಲ."

"ಹಾಗಾದ್ರೆ ಸರಿ." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ತಿಂಗಳು ಟೈಮ್ ಕೊಡ್ತೀನಿ ಅಂತ ಅವಳಿಗೆ ಹೇಳಿ ಸಾರ್. ನಾನೇನು ಕಟುಕ ಅಲ್ಲ." ಇನ್‌ಸ್ಪೆಕ್ಟರ್ ಕುರ್ಚಿಯ ಟೇಪ್ ಎಳೆದು ಬಿಗಿ ಮಾಡಿದರು. ಆಕೆ ತಿಂಗಳು ಕಾಯಲಿಲ್ಲ. ಶುಕ್ರವಾರವೇ ಬೀಗದ ಕೈ ಠಾಣೆಗೆ ತಂದುಕೊಟ್ಟು ತಂಗಿಯ ಮನೆಗೆ ಹೋದಳು. ಚೀಲದಲ್ಲಿ ಬಟ್ಟೆಗಳ ಮೇಲೆ ಸ್ಲೇಟು ಇತ್ತು. ಅಕ್ಷರ ಅಳಿಸದಿರಲೆಂದು ಹಾಳೆ ಸುತ್ತಿದ್ದಳು.

ಅದೇ ಮಂಗಳವಾರ, 27ರ ಮಧ್ಯಾಹ್ನ 1.15ಕ್ಕೆ ಗುಮಾಸ್ತರ ಬಂಧನ ದಾಖಲಾಯಿತು. ಕಾಮಾ ಅವರ ಹೇಳಿಕೆ ಬರೆದು ಮುಗಿಸಿ, ಮೂರು ಪುಟಕ್ಕೆ ಒಂದೇ ಒಂದು ಪೂರ್ಣವಿರಾಮ ಇಟ್ಟು, ಕಾಗದವನ್ನು ಮುಂದೆ ಚಾಚಿದ.

"ಓದ್ಕೊಂಡು ಸಹಿ ಹಾಕಿ."

ಗುಮಾಸ್ತರು ಕನ್ನಡಕ ಏರಿಸಿ ಮೂರೂ ಪುಟ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಕಾಮಾನ ಕೈ ಎಲ್ಲ ಹೇಳಿಕೆಗೂ ಬರೆಯುವ ಸಾಲನ್ನು ಇದಕ್ಕೂ ಬರೆದಿತ್ತು: *ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿ ಇದೆ.*

"ಪೆನ್ನು ಕೊಡಿ," ಎಂದರು ಗುಮಾಸ್ತರು.

ಆ ಸಾಲಿಗೆ ನೇರವಾಗಿ ಒಂದು ಗೆರೆ ಎಳೆದರು. ಮೇಲೆ 'ನಾನೇ ಓದಿದ್ದೇನೆ' ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು.