ಕೆಂಪು ಹಗ್ಗದ ಇನ್ನೊಂದು ತುದಿ

"ಯಾರು ನನ್ನ ಎಂಜಿನ್ ಬಂದ್ ಮಾಡಿದ್ದು? ಯಾರು?!"

ಹೆಲ್ಮೆಟ್ ಕಿತ್ತೆಸೆದು ಬಂದವನ ಮುಂದೆ ಅಶ್ಮಿತಾ ಅಲುಗಾಡದೆ ನಿಂತಿದ್ದಳು. ಅವಳ ಮುಷ್ಟಿಯಲ್ಲಿ ಕೆಂಪು ಹಗ್ಗ. ಅದರ ತುದಿಯಲ್ಲಿ ಅವನ ಟ್ರ್ಯಾಕ್ಟರಿನಿಂದ ಕಿತ್ತು ಬಂದ ರಿಂಗು!

"ನಾನೇ ಎಳೆದದ್ದು. ನಿಮ್ಮ ಚೈನಿನ ಕೊಂಡಿ ಅರ್ಧ ಬಾಯಿ ತೆರೆದಿತ್ತು. ಬೇಕಾದ್ರೆ ಹೋಗಿ ನೋಡಿ."

ಲತೇಶ್ ಹೋಗಿ ನೋಡಿದ. ಮರಳಿ ಬಂದಾಗ ಅವನ ಸಿಟ್ಟೆಲ್ಲ ಇಳಿದು ಮುಖ ಬಿಳಿಚಿತ್ತು.

"ನಿಮ್ಮ ಹೆಸರೆಂತ?" ಎಂದು ಮೆಲ್ಲಗೆ ಕೇಳಿದ.

ಕೊಲ್ಲಿ ದೇಶಕ್ಕೆ ಬಂದು ಅಲ್ ಬರ್ಷಾದ ಆಫೀಸಿನಲ್ಲಿ ಲೆಕ್ಕ ನೋಡುವ ಉಡುಪಿಯ ಹುಡುಗಿಗೆ ಈ ಹುಚ್ಚಾಟ ಹೊಸದು. ಲತೇಶನಂಥವರು ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್‌ಗಳನ್ನು ಸತ್ವಾದ ಗ್ಯಾರೇಜಿನಲ್ಲಿ ಬಿಚ್ಚಿ, ಎಂಜಿನ್‌ಗೆ ಇಲ್ಲದ ಶಕ್ತಿ ತುಂಬಿ, ಶುಕ್ರವಾರ ಬೆಳಿಗ್ಗೆ ಅಲ್ ಐನ್ ರಸ್ತೆಯಾಚೆಯ ಮೈದಾನಕ್ಕೆ ತರುತ್ತಾರೆ. ಸರಪಳಿಯ ಹಿಂದೆ ನೆಲದಲ್ಲಿ ಜಾರುತ್ತ ಬರುವ ಕಬ್ಬಿಣದ ಬಂಡಿ. ಬಂಡಿ ಮುಂದೆ ಹೋದಷ್ಟೂ ಅದರ ಮೇಲಿನ ಭಾರ ಟ್ರ್ಯಾಕ್ಟರಿನ ಕಡೆಗೆ ಜರುಗಿ ಜಗ್ಗುತ್ತದೆ. ಹೆಚ್ಚು ದೂರ ಎಳೆದವನು ಗೆದ್ದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿಯ ಹವ್ಯಾಸ!

ಬಂಡಿಯ ಮೇಲೆ ಕೂರುವವರು ಪಾಯ್ಸ್ ಅಂಕಲ್. ಆ ದಿನ ನೋಡಲು ಬಂದಿದ್ದ ಅವಳಿಗೆ ಕೆಂಪು ಹಗ್ಗ ಯಾಕೆಂದು ಮೊದಲೇ ತಿಳಿಸಿದ್ದವರು ಅವರೇ.

"ಹಗ್ಗದ ಒಂದು ತುದಿ ಎಂಜಿನ್ ಸ್ವಿಚ್ಚಿನ ರಿಂಗಿಗೆ, ಇನ್ನೊಂದು ಬಂಡಿಗೆ. ಚೈನ್ ಕಡಿದ್ರೆ ಟ್ರ್ಯಾಕ್ಟರ್ ಹಗ್ಗ ಹರಿದ ಕಂಬಳದ ಕೋಣನ ಹಾಗೆ ನುಗ್ತದೆ ಮಗಾ. ಆಗ ಈ ಹಗ್ಗ ರಿಂಗ್ ಕೀಳ್ತದೆ, ಎಂಜಿನ್ ಸಾಯ್ತದೆ. ಇಲ್ಲದಿದ್ರೆ ಮನುಷ್ಯ ಸಾಯ್ತಾನೆ!"

ಈ ಆಟದವರಲ್ಲೊಂದು ನಿಯಮವೂ ಇತ್ತು. ಕೊಂಡಿ, ಹಗ್ಗ ಹಾಕುವವರನ್ನು ಡ್ರೈವರೇ ಆರಿಸಬೇಕು. ಆರಿಸಿ ಸೀಟಿನಲ್ಲಿ ಕೂತ ಮೇಲೆ ಹಿಂತಿರುಗಿ ನೋಡಬಾರದು.

"ಇನ್ನು ಮುಂದೆ ನನಗೆ ನೀವೇ ಹಾಕಿ" ಎಂದ ಲತೇಶ್.

ಪ್ರೀತಿ ಹುಟ್ಟಿದ್ದು ಅಲ್ಲಿಯೇ. ಅವನ ಮುಖಕ್ಕಿಂತ ಬೆನ್ನನ್ನೇ ಅವಳು ಹೆಚ್ಚು ನೋಡಿದ್ದಳು. ನನ್ನನ್ನು ನಂಬಿ ಹೀಗೆ ಕೂರುವವರು ಬೇರೆ ಯಾರಿದ್ದಾರೆ... ಎಂದುಕೊಂಡು ಒಳಗೊಳಗೇ ಕರಗುತ್ತಿದ್ದಳು. ಅವನು 'ನೀವು' ಬಿಟ್ಟು 'ನೀನು' ಎನ್ನತೊಡಗಿದ್ದ. ಅದರಾಚೆಯ ಮಾತನ್ನು ಮಾತ್ರ ಇಬ್ಬರೂ ಮುಂದಿನ ವಾರಕ್ಕೆ ದೂಡುತ್ತಲೇ ಇದ್ದರು.

ಆಮೇಲೆ ಆ ಸದ್ದು ಶುರುವಾಯಿತು.

ಅಬುಧಾಬಿ ಕಡೆಯ ಮೈದಾನದಲ್ಲಿ ಫೈನಲ್. ಅಭ್ಯಾಸದ ಸುತ್ತಿನಲ್ಲಿ ಸರಪಳಿ ಬಿಗಿಯಾದಾಗ ಅದರೊಳಗೆಲ್ಲೋ 'ಟಿಕ್' ಎಂದಿತು. ಕೇಳಿದವಳು ಅವಳೊಬ್ಬಳೇ.

"ಲತೇಶ್, ಇವತ್ತು ಬೇಡ. ಚೈನ್ ಸರಿ ಇಲ್ಲ."

"ಪಾಯ್ಸ್ ಅಂಕಲ್ ನೋಡಿದ್ದಾರೆ ಮಾರಾಯ್ತಿ. ಎಂತ ಆಗುದಿಲ್ಲ."

ಅವನು ಬೆನ್ನು ತಿರುಗಿಸಿ ಕೂತ. ಹಗ್ಗ ಗಿಡ್ಡವಾದರೆ ಚೈನ್ ಕಡಿಯುವ ಮೊದಲೇ ಎಂಜಿನ್ ಸಾಯುತ್ತದೆ ಎಂದುಕೊಂಡಳು ಅಶ್ಮಿತಾ. ಯಾರಿಗೂ ಕಾಣದಂತೆ ಕೆಂಪು ಹಗ್ಗಕ್ಕೊಂದು ಗಂಟು ಹಾಕಿ ಗಿಡ್ಡ ಮಾಡಿದಳು.

ಅರ್ಧ ದೂರಕ್ಕೆ ಮುಂದಿನ ಚಕ್ರಗಳು ಮೇಲೆದ್ದವು. ಗಿಡ್ಡ ಹಗ್ಗ ರಿಂಗನ್ನು ಕಿತ್ತಿತು. ಸರಪಳಿ ಗಟ್ಟಿಯಾಗಿಯೇ ಇತ್ತು, ಎಂಜಿನ್ ಸತ್ತಿತ್ತು! ಜನ ಹೋ ಎಂದು ನಕ್ಕರು.

ಗಂಟನ್ನು ಕಂಡ ಲತೇಶನ ಮುಖ ಕಪ್ಪಿಟ್ಟಿತು.

"ನೀನಾ?"

"ಹೌದು... ನನಗೆ ಹೆದರಿಕೆ ಆಯ್ತು."

"ಬೇಕಾದ್ರೆ ಹಗ್ಗ ಹಾಕುದಿಲ್ಲ ಅಂತ ಹೇಳ್ಬಹುದಿತ್ತು. ನಿನ್ನನ್ನ ನಂಬಿ ಬೆನ್ನು ಕೊಟ್ಟವನಿಗೆ ಕದ್ದು ಹೀಗೆ ಮಾಡ್ತೀಯಾ? ಖಲಾಸ್ ಅಶ್ಮಿತಾ. ಇನ್ನು ನನ್ನ ಹಿಂದೆ ನಿಲ್ಬೇಡ."

ತಪ್ಪು ಅವಳದೇ. ಆದರೆ ಆ 'ಟಿಕ್' ಸುಳ್ಳಾಗಿರಲಿಲ್ಲ! ಆಫೀಸಿನಲ್ಲಿ, ಮೆಟ್ರೋದಲ್ಲಿ, ಅನ್ನಕ್ಕೆ ಕೈ ಹಾಕಿದಾಗಲೂ ಅದೇ ಕೇಳುತ್ತಿತ್ತು.

ಮುಂದಿನ ಶುಕ್ರವಾರ ತಡೆಯಲಾಗದೆ ಟ್ಯಾಕ್ಸಿ ಹತ್ತಿದಳು. ಧೂಳುಗಾಳಿ ಎದ್ದಿತ್ತು. ಸೂರ್ಯ ಇದ್ದೂ ಇಲ್ಲದಂತಿದ್ದ, ಎದುರಿನ ಲಾರಿಗಳೆಲ್ಲ ಲೈಟು ಹಾಕಿದ್ದವು. ದೂರದಿಂದ ನೋಡಿ ಬರುತ್ತೇನೆ, ಅಷ್ಟೇ... ಎಂದು ಮನಸ್ಸಿಗೆ ಹೇಳಿಕೊಂಡಳು.

ಮೈದಾನದಲ್ಲಿ ಲತೇಶನ ಟ್ರ್ಯಾಕ್ಟರ್ ಆಗಲೇ ಗುಡುಗುತ್ತಿತ್ತು. ಹಿಂದೆ ಅವನ ಗೆಳೆಯ ಲೆಸ್ಲಿ. ಕೆಂಪು ಹಗ್ಗ ಬಂಡಿಯವರೆಗೆ ಹೋಗಿರಲಿಲ್ಲ, ಧೂಳಿನಲ್ಲಿ ಬಂಡಿಯ ಮೇಲಿನ ಪಾಯ್ಸ್ ಅಂಕಲ್‌ಗೆ ಅದು ಕಂಡಿರಲಿಲ್ಲ. ಅರ್ಧಕ್ಕೇ ಮಡಚಿ ಟ್ರ್ಯಾಕ್ಟರಿನ ಸೀಟಿಗೇ ಕಟ್ಟಿತ್ತು!

"ಲೆಸ್ಲಿ! ಇದೆಂತ ಇದು?"

"ಅವನೇ ಹೇಳಿದ್ದು ಮಾರಾಯ್ತಿ. ಈ ಸಲ ಹಗ್ಗದಿಂದ ಎಂಜಿನ್ ಬಂದ್ ಆಗ್ಬಾರ್ದಂತೆ."

ನನ್ನ ಮೇಲಿನ ಸಿಟ್ಟಿಗೆ ಪ್ರಾಣವನ್ನೇ ಪಣ ಇಟ್ಟನಾ! ಅವಳು ಮಂಡಿಯೂರಿ ಸೀಟಿನ ಕಟ್ಟು ಬಿಚ್ಚಿ, ತುದಿಯನ್ನು ಬಂಡಿಗೆ ಸಿಕ್ಕಿಸಿದಳು. ಬೆರಳುಗಳು ಮತ್ತೆ ಗಂಟಿಗೆ ಹಾತೊರೆದವು. ಗಿಡ್ಡ ಮಾಡಿದರೆ ಅವನು ಖಂಡಿತ ಉಳಿಯುತ್ತಾನೆ... ಆದರೆ ಮತ್ತೆಂದೂ ನನ್ನವನಾಗುವುದಿಲ್ಲ. ಕಣ್ಣು ಮುಚ್ಚಿ ಹಗ್ಗವನ್ನು ಪೂರ್ತಿ ಬಿಟ್ಟಳು.

ಸರಪಳಿ ತೋರಿಸಿ ಓಟ ನಿಲ್ಲಿಸಲು ಕೈ ಎತ್ತುವಷ್ಟರಲ್ಲಿ ಹಸಿರು ಬಾವುಟ ಇಳಿಯಿತು.

ಟ್ರ್ಯಾಕ್ಟರ್ ಎಳೆಯಿತು. ಭಾರ ಮುಂದೆ ಜರುಗಿತು. ಮುಂದಿನ ಚಕ್ರಗಳು ಎದ್ದವು. ಅರ್ಧ ದೂರ ದಾಟಿತು. ಹಗ್ಗ ರಿಂಗನ್ನು ಎಳೆಯಲಿಲ್ಲ. ಅಯ್ಯೋ ದೇವರೇ, ಇಷ್ಟು ಸಾಕು, ನಿಲ್ಲಿಸು...

ಟಿಕ್.

ಸರಪಳಿ ಕಡಿಯಿತು!

ಟ್ರ್ಯಾಕ್ಟರ್ ಜನ ನಿಂತಿದ್ದ ಬೇಲಿಯತ್ತ ನೆಗೆಯಿತು. ಅದೇ ಕ್ಷಣ ಕೆಂಪು ಹಗ್ಗ ಬಿಗಿದು ರಿಂಗನ್ನು ಕಿತ್ತಿತು. ಗುಡುಗು ಒಮ್ಮೆಲೇ ನಿಂತಿತು. ಚಕ್ರಗಳು ಮರಳಿನಲ್ಲಿ ಹೂತು, ಬೇಲಿಗೆ ತಾಗುವ ಮೊದಲೇ ಟ್ರ್ಯಾಕ್ಟರ್ ನಿಂತುಬಿಟ್ಟಿತು.

ಪಾಯ್ಸ್ ಅಂಕಲ್ ಬಂಡಿಯಿಂದ ಇಳಿಯುವ ಮೊದಲೇ ಅಶ್ಮಿತಾ ಓಡಿದ್ದಳು. ಲತೇಶ್ ಸೀಟಿನಲ್ಲೇ ಇದ್ದ. ಹಿಂದೆ ಹೆಜ್ಜೆ ಸದ್ದಾದರೂ ತಿರುಗದೆ, ಸ್ಟೀರಿಂಗ್ ಹಿಡಿದೇ ಕೇಳಿದ.

"ಲೆಸ್ಲಿ... ನೀನು ಸೀಟಿಗೇ ಕಟ್ಟಿದ್ದಿ ಅಲ್ವಾ? ಹೇಗೆ ಬಂದ್ ಆಯ್ತು?"

"ಲೆಸ್ಲಿ ಅಲ್ಲ."

ಅವಳ ಸ್ವರ ಕೇಳಿ ಆ ಬೆನ್ನು ನೆಟ್ಟಗಾಯಿತು.

"ಗಂಟು ಹಾಕಿದ್ಯಾ?"

"ಇಲ್ಲ. ಪೂರ್ತಿ ಬಿಟ್ಟಿದ್ದೆ. ಜೀವ ಬಾಯಿಗೆ ಬಂದಿತ್ತು ನನಗೆ... ಆದ್ರೂ ಬಿಟ್ಟೆ."

ಅವನು ತಲೆ ತಗ್ಗಿಸಿದ. ಅಳತೊಡಗಿದ.

"ನೀನು ಸದ್ದು ಕೇಳಿದ್ದು ನಿಜ. ನನಗೆ ನಂಬ್ಲಿಕ್ಕೆ ಆಗ್ಲಿಲ್ಲ. ನೀನಿಲ್ಲದೆ ಆಗುದಿಲ್ಲ ಅಶ್ಮಿತಾ... ಈ ಮಾತು ಹೇಳ್ಲಿಕ್ಕೆ ಸಾವಿನ ಬಾಯಿಗೆ ಹೋಗಿ ಬರ್ಬೇಕಾಯ್ತು ನೋಡು."

"ನನಗೂ ಆಗುದಿಲ್ಲ" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಮೊದಲು ಆ ಚೈನ್ ಗುಜರಿಗೆ ಹಾಕಿ."

ಅವನು ಅಳುತ್ತಲೇ ನಕ್ಕ.

"ತಿರುಗಿ ನೋಡ್ಲಾ?"

"ನಿಮ್ಮ ನಿಯಮ ಉಂಟಲ್ಲ?"

"ಎಂಜಿನ್ ಬಂದ್ ಆದ ಮೇಲೆ ನಿಯಮ ಇಲ್ಲ."

"ಹಾಗಾದ್ರೆ ನೋಡಿ."

ಅವನು ತಿರುಗಿದ.