ಆರನೆಯ ಕಾಲು

"ಹೆಣ್ಣು ಚಲೋ ಅದರಿ ಸರ್. ಸೊಂಟ ಸಣ್ಣದು, ಕಾಲು ಭಾಳ ಉದ್ದ. ಆದ್ರ ವಯಸ್ಸಾಗ್ಯಾದ. ಫೋಟೋ ಬಂದಾವ್ರಿ, ಹೊಟ್ಟಿ, ಬೆನ್ನು, ಎಲ್ಲಾ ಕಡಿಯಿಂದ ತೆಗದು ಕಳಸ್ಯಾರ."

ನೆರೆಮನೆಯ ಜೈಬುನ್ನೀಸಾಳ ಪಡಸಾಲೆಯಲ್ಲಿ ಮೆಹಂದಿ ಕೋನು ಸುತ್ತುತ್ತಿದ್ದ ಲುಂಬಿನಿಯ ಕೈ ಅಲ್ಲೇ ನಿಂತಿತು. ಯಾರೋ ಫೋನಿನಲ್ಲಿ ಆಡಿದ ಆ ಮಾತು ಬಂದದ್ದು ಹೊರಕೋಣೆಯಿಂದ. ಆ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಸುರೇಶಕುಮಾರ ದಿನಾ ವಾಡಿಯಿಂದ ಶಹಾಬಾದಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ನೋಡಿದರೆ ಸಾಧು. ಮಾತು ಕೇಳಿದರೆ ದನದ ಸಂತೆಯ ದಲ್ಲಾಳಿ.

ಲುಂಬಿನಿ ಎದುರು ಮಾತಾಡುವವಳಲ್ಲ. ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆಗಿದ್ದ ಜೈಬುನ್ನೀಸಾ ಸುಮ್ಮನಿರುವವಳಲ್ಲ.

"ಏ ಮಾಸ್ತರ! ಯಾರ ಮನಿ ಹೆಣ್ಣೋ ಅದು? ನನ್ನ ಮನ್ಯಾಗ ಇಂಥಾ ಮಾತು ನಡ್ಯಂಗಿಲ್ಲ ನೋಡು!"

ಅವನು ಗಾಬರಿಯಾಗಿ ಲ್ಯಾಪ್‌ಟಾಪ್ ಎತ್ತಿಕೊಂಡೇ ಓಡಿ ಬಂದ. "ಖಾಲಾ, ಹೆಣ್ಣು ಇದು."

ಪರದೆಯ ತುಂಬ ಒಂದು ನೊಣ. ನೂಲಿನಂಥ ಕಾಲುಗಳು, ಗಾಜಿನಂಥ ರೆಕ್ಕೆ, ಬೆನ್ನಿಗೆ ಗುಂಡುಸೂಜಿ.

"ದೊಡ್ಡ ಸೊಳ್ಳಿ!"

"ಸೊಳ್ಳಿ ಅಲ್ಲ ಖಾಲಾ, ಕಚ್ಚಂಗಿಲ್ಲ. ಕ್ರೇನ್ ಫ್ಲೈ ಅಂತಾರ. ಇದು ಯುರೋಪಿಂದು. ಅಲ್ಲಿ ಮ್ಯೂಸಿಯಮ್ಮಿನಾಗ ನೂರು ವರ್ಷದಿಂದ ಹಿಂಗೇ ಚುಚ್ಚಿ ಇಟ್ಟಾರ."

ಲುಂಬಿನಿಗೆ ನಗು ತಡೆಯಲಿಲ್ಲ. ಮೆಹಂದಿ ಬಳಿದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡಳು. ಅವನು ಆ ಬೆರಳು ನೋಡಿದ, ಮೇಲಿನ ಕಣ್ಣು ನೋಡಿದ, ಆಮೇಲೆ ಮುಂದಿನ ಮಾತು ಮರೆತ.

ನೆನಪಾದ ಮೇಲೆ ಹೇಳಿದ. ಚಿಂಚೋಳಿ ಅಡವಿಯ ಹಳ್ಳದ ದಂಡೆಯಲ್ಲಿ ಇಂಥವೇ ನೊಣ ಹಿಡಿದಿದ್ದಾನೆ. ಅವು ಇದರ ಕುಲದವೋ ಬೇರೆಯೋ ಹೇಳಬೇಕಾದರೆ ಮೊದಲು ಇದು ಏನೆಂದು ಗೊತ್ತಾಗಬೇಕು. ಹಿಂದಿನವರು ಬರೆದಿಟ್ಟ ವರ್ಣನೆ ಎಲ್ಲೋ ತಪ್ಪಿದೆ. ಆದ್ದರಿಂದ ಮತ್ತೊಮ್ಮೆ ನೋಡಿ, ಮೊದಲಿನಿಂದ ಬರೆಯಬೇಕು.

"ಬರದ್ರ ಹೆಸರು ಬದಲಾಗತದೇನು?" ಖಾಲಾ ಕೇಳಿದಳು.

"ಅದರ ಸ್ವಂತ ಹೆಸರು ಹಂಗೇ ಇರ್ತದ. ಮನಿತನದ ಹೆಸರು ಬದಲಾಗಬಹುದು."

"ಲಗ್ನ ಆದ ಹೆಣ್ಣಿನಂಗ ಅನ್ನು."

ಲುಂಬಿನಿಯ ನಗು ಅಲ್ಲಿಗೆ ಆರಿತು. ಅವನು ಅದನ್ನೂ ನೋಡಿದ.

ನೊಣದ ಚಿತ್ರ ಶಾಯಿಯಲ್ಲಿ ಬರೆಯಬೇಕಿತ್ತು. ಅವನು ಬರೆದ ಕಾಲುಗಳು ಹೊರಸು-ಮಂಚದ ಕಾಲಿನಂತೆ ದಪ್ಪಗಿದ್ದವು. ಖಾಲಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಲುಂಬಿನಿ ಕೈ ಕೂದಲಕ್ಕಿಂತ ಸಣ್ಣ ಗೆರಿ ಎಳೀತದ. ಅಕೀಗಿ ಕೊಡು" ಎಂದಳು.

ಅಂದಿನಿಂದ ಅವನು ಕಾಲೇಜು ಮುಗಿಸಿ ಬರುವ ಹೊತ್ತಿಗೆ ಲುಂಬಿನಿ ಖಾಲಾಳ ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ ಕಾಗದ ಹಾಸಿಕೊಂಡು ಕೂತಿರುತ್ತಿದ್ದಳು. ಬಾಗಿಲು ತೆರೆದೇ ಇರುತ್ತಿತ್ತು. ನಡುವೆ ಅಡಕೊತ್ತು ಹಿಡಿದು ಅಡಿಕೆ ಕತ್ತರಿಸುವ ಖಾಲಾ.

"ಕಣ್ಣಿಗೆ ಕಂಡಷ್ಟೇ ಬರೀರಿ," ಎಂದಿದ್ದ ಅವನು. "ಇರಬೇಕು ಅನ್ಸಿದ್ದು ಬರೀಬ್ಯಾಡ್ರಿ. ಇಲ್ಲದ್ದಕ್ಕ ಇಲ್ಲ ಅಂದ್ರ ಮುಗೀತು."

"ಇಲ್ಲ ಅನ್ಲಿಕ್ಕ ನನಗ ಬರಂಗಿಲ್ರಿ."

ಅವನು ನಕ್ಕ. ತಮಾಷೆ ಎಂದುಕೊಂಡಿರಬೇಕು.

ಮನೆಯಲ್ಲಿ ಅವ್ವ ಯಂಕಮ್ಮ ಸುಜಾತಾಳ ಕುಪ್ಪಸ ಹಿಡಿದು ಕೂತಿದ್ದಳು. "ಎರಡು ಹೊಲಿಗಿ ಒಳಗ ಹಿಡದ್ರ ನಿನಗ ಬರ್ತದ ನೋಡು. ಸೀರಿಗಂತೂ ಅಳತಿ ಬೇಕಾಗಿಲ್ಲ."

ಸುಜಾತಾ ಅಕ್ಕ. ಅವಳ ಬಾಣಂತನಕ್ಕೆಂದು ಒಂಬತ್ತನೆಯ ಇಯತ್ತೆ ಬಿಟ್ಟು ಆದಿತ್ಯನಗರಕ್ಕೆ ಹೋದ ಲುಂಬಿನಿ ಮತ್ತೆ ಶಾಲೆಗೆ ಹೋಗಲೇ ಇಲ್ಲ. ಹೋದ ಮಳೆಗಾಲ ಜ್ವರ ಬಂದು ಅಕ್ಕ ತೀರಿಕೊಂಡಳು. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಕ್ಕನ ಗಂಡ ಮಾಪಣ್ಣ ಮಾಮಾ ಉಳಿದ, ಮಗಳು ಚಿನ್ನು ಉಳಿದಳು. ಅಕ್ಕನ ಜಾಗ ಖಾಲಿ, ತಂಗಿ ಮನೆಯಲ್ಲಿ. ಮಾಮಾನೊಂದಿಗೆ ಲಗ್ನ ಎಲ್ಲರ ಕಣ್ಣಿಗೂ ಎಷ್ಟು ಸಲೀಸಾಗಿ ಕಂಡಿತೆಂದರೆ, ಯಾರೂ ಅವಳನ್ನು ಕೇಳಬೇಕೆಂದುಕೊಳ್ಳಲಿಲ್ಲ.

ಮಾಮಾ ಕೆಟ್ಟವನಲ್ಲ. ಸಿಟ್ಟಾಗಲಿಕ್ಕೆ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಎನಿಸುತ್ತಿತ್ತು. ಎಲ್ಲರೂ ಒಳ್ಳೆಯವರೇ ಸುತ್ತ ನಿಂತಾಗ ಹೊರಬರುವ ದಾರಿ ಯಾವುದು? ಚಿನ್ನುವಿಗಂತೂ ಆಗಲೇ ಕಲಿಸಿದ್ದರು: ಇನ್ನ ಚಿಗವ್ವ ಅನ್ನಬ್ಯಾಡ, ಅವ್ವ ಅನ್ನು. ಫೋನಿನಲ್ಲಿ ಮಗು "ಅವ್ವಾ" ಎಂದು ತಡವರಿಸಿದ ದಿನ ಲುಂಬಿನಿ ಉಣ್ಣದೆ ಮಲಗಿದಳು.

ನೊಣದ ಮುಂದೆ ಕೂತಾಗ ಮಾತ್ರ ಉಸಿರು ಸಲೀಸು. ಅಲ್ಲಿ ಒಬ್ಬ ಅವಳನ್ನು ಕೇಳುತ್ತಿದ್ದ: "ನಿಮಗ ಏನು ಕಾಣತದ?"

"ರೆಕ್ಕಿ ಅಂಚಿಗೆ ಕಂದು ಮಚ್ಚಿ ಕಾಣತದ."

"ಮತ್ತ?"

"ಮತ್ತ ನೀವು ನೊಣ ಬಿಟ್ಟು ಇತ್ಲಾಗ ನೋಡೋದು ಕಾಣತದ," ಎಂದು ಖಾಲಾ ಅಡಕೊತ್ತು ಕಟ್ಟೆಂದು ಒತ್ತಿದಳು. ಇಬ್ಬರ ಕಿವಿಗಳೂ ಕೆಂಪಗಾದವು.

ಚಿತ್ರ ಮುಗಿದ ದಿನವೇ ಜಗಳವಾಯಿತು.

"ಇದೇನ್ರಿ ಇದು?" ಸುರೇಶಕುಮಾರನ ದನಿ ಏರಿತ್ತು. "ಬಲಗಡಿ ಹಿಂದಿನ ಕಾಲಿಗೆ ಬಿಳಿ ಪಟ್ಟಿ ಹಾಕೀರಿ. ಫೋಟೋದಾಗ ಎಲ್ಲದ?"

ಲುಂಬಿನಿ ನೋಡಿದಳು. ನಿಜ, ಇರಲಿಲ್ಲ. "ಎಡಗಡಿ ಕಾಲಿಗೆ ಅದಲ್ರಿ. ಜೋಡಿ ಅಂದ್ಮ್ಯಾಲ ಒಂದಕ್ಕೊಂದು ಒಪ್ಪಬೇಕಂತ... ಮೆಹಂದಿ ಹಂಗೇ ಹಾಕ್ತೀವಿ. ಕೈ ತಾನೇ ಹೋಯ್ತು."

"ಮದಲಗಿತ್ತಿ ಕೈ ಅಲ್ರಿ ಇದು! ಹಿಂಗೇ ಕಳಿಸಿದ್ರ ನನ್ನ ಗತಿ ಏನಾಗ್ತಿತ್ತು?"

ಅವಳು ಎದ್ದಳು. ಕಣ್ಣೀರು ಕಾಗದದ ಮೇಲೆ ಬಿದ್ದರೆ ಶಾಯಿ ಕದಡುತ್ತದೆಂದು ಮುಖ ಆಚೆ ತಿರುಗಿಸಿದಳು.

"ತಡೀರಿ," ಎಂದ ಅವನು, ಬೇರೆಯದೇ ದನಿಯಲ್ಲಿ. "ತಡೀರಿ ಒಂದ್ನಿಮಿಷ. ಜೋಡಿ ಅಂದ್ಮ್ಯಾಲ ಒಪ್ಪಬೇಕು. ಹೌದಲ್ಲ. ಮತ್ತ ಇದು ಯಾಕ ಒಪ್ಪಂಗಿಲ್ಲ?"

ಫೋಟೋ ದೊಡ್ಡದು ಮಾಡಿದ. ಕಾಲು ಮೈಗೆ ಕೂಡುವ ಕಡೆ ಹಳದಿ ಬಣ್ಣದ ಸಣ್ಣ ಗಂಟು. ಒಣಗಿದ ಅಂಟು.

"ಈ ಕಾಲು ಇದರದ್ದಲ್ಲ!" ಅವನು ನೆಲ ಬಡಿದ. "ಇವುಗಳ ಕಾಲು ಹಿಡದ್ರ ಕಾಲು ಅಲ್ಲೇ ಬಿಟ್ಟು ಜೀವ ಉಳಸ್ಕೊಂಡು ಹಾರತಾವ. ಇದೂ ಬಿಟ್ಟಿರಬೇಕು. ಖಾಲಿ ಜಾಗ ಚಂದ ಕಾಣಂಗಿಲ್ಲಂತ ಯಾರೋ ಮಹಾನುಭಾವ ಬ್ಯಾರೆ ನೊಣದ ಕಾಲು ತಂದು ಅಂಟಿಸ್ಯಾನ. ಮುಂದಿನವರು ಆ ಕಾಲು ನೋಡಿ ಇದನ್ನ ಬ್ಯಾರೆ ಕುಲಕ್ಕ ಸೇರಸ್ಯಾರ. ನೂರು ವರ್ಷದಿಂದ ಎಲ್ಲಾ ತಪ್ಪು!"

ಅವನು ಕುಣಿಯುವುದೊಂದು ಬಾಕಿ. ಲುಂಬಿನಿ ಅಲ್ಲಾಡದೆ ನಿಂತಿದ್ದಳು.

"ಅಂಟಿಸಿದ ಕಾಲು ಯಾರದ್ರಿ?"

"ಅಂದ್ರ?"

"ಅದೂ ಒಂದು ಜೀವದ್ದೇ ಅಲ್ಲೇನ್ರಿ? ಅದನ್ನ ಯಾರು ಕೇಳಿದ್ರು?"

ಅವನ ಮುಖದ ಖುಷಿ ನಿಧಾನಕ್ಕೆ ಇಳಿಯಿತು. ಅವಳು ಗೋಡೆ ನೋಡುತ್ತ ಎಲ್ಲ ಹೇಳಿದಳು. ಅಕ್ಕ, ಮಾಮಾ, ಒಳಗೆ ಹಿಡಿದ ಹೊಲಿಗೆ. ಬರುವ ಆಯ್ತಾರ ಹಿರಿಯರು ಕೂಡಿ ಲಗ್ನದ ಮಾತು ಮುಗಿಸಲಿದ್ದಾರೆ.

"ನಿಮಗ ಒಪ್ಪಿಗಿ ಅದೇನು?" ಅವನು ಕೇಳಿದ. ಖಾಲಾಳ ಅಡಕೊತ್ತು ನಿಂತಿತು.

"ಇಲ್ಲ ಅನ್ಲಿಕ್ಕ ಬರಂಗಿಲ್ಲಂತ ಅವತ್ತೇ ಹೇಳಿದ್ನಲ್ರಿ."

"ನಾ ಬಂದು ಮಾತಾಡ್ಲಿ?"

"ಬ್ಯಾಡ್ರಿ. ನೀವು ಹೇಳಿದ್ರ ಅದು ನೀವು ಅಂಟಿಸಿದ ಮಾತಾಗತದ."

ಆಯ್ತಾರ ಮನೆ ತುಂಬಿತ್ತು. ಅಪ್ಪ ಭೀಮಶ್ಯಾ ಹಿರಿಯರಿಗೆ ಚಾ ಕೊಡುತ್ತಿದ್ದ. ಮಾಪಣ್ಣ ತಲೆ ತಗ್ಗಿಸಿ ಕೂತಿದ್ದ. ಚಿನ್ನು ಹೊಸ ಫ್ರಾಕು ತೊಟ್ಟು ಅವನ ಮಗ್ಗುಲಲ್ಲಿದ್ದಳು. ಅಕ್ಕನ ಸೀರೆಯಲ್ಲಿ ಲುಂಬಿನಿ ಬಂದು ನಿಂತಾಗ ಕುಪ್ಪಸ ಕಂಕುಳಲ್ಲಿ ಒತ್ತುತ್ತಿತ್ತು. ಕೈ ಎತ್ತಲೂ ಆಗದಷ್ಟು.

"ಹುಡುಗಿ ಏನಂತಾಳ?" ಹಿರಿಯ ಗುರುಲಿಂಗಪ್ಪ ಕೇಳಬೇಕಲ್ಲ ಎಂದು ಕೇಳಿದ.

"ಅಕಿ ಏನಂತಾಳ್ರಿ, ಒಪ್ಪಿಗಿನೇ," ಎಂದಳು ಯಂಕಮ್ಮ. "ಅಕೀದು ಮೊದಲಿಂದ ಮಾತು ಕಮ್ಮಿ."

"ಇಲ್ಲ."

ಹೇಳಿದಳು. ಅದೇ ಕ್ಷಣಕ್ಕೆ ಮನೆಯ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು. ಮಾಡಿನ ತಗಡಿನ ಪತರಾ ನಡುಗಿತು, ಚಾದ ಕಪ್ಪುಗಳು ನಡುಗಿದವು. ಯಾರಿಗೂ ಕೇಳಿಸಲಿಲ್ಲ. ಗಾಡಿ ಉದ್ದವಿತ್ತು. ಅದು ಮುಗಿಯುವವರೆಗೂ ಎಲ್ಲರೂ ಸುಮ್ಮನೆ ನಗುಮುಖ ಹೊತ್ತು ಕಾದರು. ಹೇಳಿಯೂ ಹೇಳದಂತೆ ಇದ್ದುಬಿಡಬಹುದಿತ್ತು. ಯಾರೂ ದೂರುತ್ತಿರಲಿಲ್ಲ.

"ಏನೋ ಅಂದ್ಯಲ್ಲವ್ವ?" ಎಂದ ಗುರುಲಿಂಗಪ್ಪ.

ಲುಂಬಿನಿ ಮತ್ತೊಮ್ಮೆ ಹೇಳಿದಳು. "ಇಲ್ಲ ಅಂದೆರಿ. ನನಗ ಒಪ್ಪಿಗಿ ಇಲ್ಲ. ಇಲ್ಲದ್ದು ಅದ ಅನ್ನಬ್ಯಾಡ ಯವ್ವಾ."

ಭೀಮಶ್ಯಾ ಚಾದ ತಟ್ಟೆ ಕೆಳಗಿಟ್ಟ. ಎಲ್ಲರೂ ಮಾಪಣ್ಣನ ಕಡೆ ನೋಡಿದರು. ಅವನು ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿದ್ದವು.

"ನನ್ನ ಯಾರು ಕೇಳ್ಯಾರ್ರಿ?" ಎಂದ. "ಅಕಿ ಕುಬ್ಸ ಇಕಿ ಮೈಮ್ಯಾಲ ನೋಡಿ ನನಗ ಇಲ್ಲಿ ಕುಂದ್ರಲಿಕ್ಕ ಆಗವಲ್ದು. ಲುಂಬಿನಿ, ಒಳಗ ಹೋಗಿ ಅದನ್ನ ಬಿಚ್ಚಿಡವ್ವ. ಚಿನ್ನು ರಜಾಕ್ಕ ಎಂದಿನಂಗ ನಿನ್ನ ಕಡಿಗೇ ಬರ್ತಾಳ."

ಚಿನ್ನು ಲುಂಬಿನಿಯ ಸೆರಗು ಜಗ್ಗಿದಳು. "ಹಂಗಾದ್ರ ಚಿಗವ್ವ ಅನ್ನಲ್ಯಾ?"

ಅವ್ವ ಅನೇಕ ದಿನ ರೊಟ್ಟಿ ಬಡಿಯುವ ಸಪ್ಪಳದಲ್ಲೇ ಬೈಯುತ್ತಿದ್ದಳು. ಮಗಳಿಗೆ ಬಾಗಿಲ ಆಚೆಗೆ ಕಾಲಿಡಗೊಡಲಿಲ್ಲ. ಕೊನೆಗೆ ಒಂದು ಸಂಜೆ ಖಾಲಾಳೇ ಬಂದು, ಅಡಕೊತ್ತು ಅಲ್ಲಾಡಿಸಿ, "ಯಂಕಮ್ಮ, ನಿನ್ನ ಮಗಳನ್ನ ಗುಂಡುಸೂಜಿಗೆ ಚುಚ್ಚೀಯೇನು?" ಎಂದಳು. ಅವ್ವ ಬಾಗಿಲಿನಿಂದ ಸರಿದು ಕೂತಳು.

ಖಾಲಾಳ ಪಡಸಾಲೆಯಲ್ಲಿ ಸುರೇಶಕುಮಾರ ನಿಂತೇ ಇದ್ದ. ಗಡ್ಡ ಬೆಳೆದಿತ್ತು. ಲುಂಬಿನಿ ಕೂತು ಹೊಸ ಕಾಗದದ ಮೇಲೆ ನೊಣ ಬರೆದಳು. ಐದು ಕಾಲು. ಆರನೆಯದರ ಜಾಗವನ್ನು ಖಾಲಿಯಾಗಿಯೇ ಬಿಟ್ಟಳು.

"ಚಂದ ಕಾಣತದ," ಎಂದ ಅವನು.

"ಖಾಲಿ ಜಾಗ?"

"ಖರೆ ಇರೋದು."

ಖಾಲಾಗೆ ಒಮ್ಮೆಲೇ ಒಲೆಯ ಮೇಲಿನ ಹಾಲು ನೆನಪಾಯಿತು, ಎದ್ದು ಒಳಗೆ ಹೋದಳು. ಒಲೆ ಹೊತ್ತಿಸಿರಲೇ ಇಲ್ಲ.

"ಬಲಗಡಿ ಹಿಂದಿನ ಕಾಲು ಇಲ್ಲ ಅಂತ ಬರೀತೀನಿ," ಅವನ ದನಿ ತಗ್ಗಿತು. "ಮಾಪಣ್ಣನವರ ಮಾತಿಗೂ ಇಲ್ಲ ಅಂದ್ರಿ. ನಾ ಕೇಳಿದ್ರ... ಅದಕ್ಕ ಏನಂತ ಬರೀಲಿ?"

"ಕೇಳೇ ಇಲ್ಲಲ್ರಿ ನೀವು."

"ಈಗ ಕೇಳಾಕತ್ತೀನಿ."

ಲುಂಬಿನಿ ಲೇಖನಿ ಕೆಳಗಿಟ್ಟಳು. ಹುಟ್ಟಿದಾಗಿನಿಂದ ನೆಲ ನೋಡಿಯೇ ಮಾತಾಡಿದವಳು ಮುಖ ಎತ್ತಿ ಅವನನ್ನು ನೇರ ನೋಡಿದಳು. ಕಣ್ಣು ಇಳಿಸಲಿಲ್ಲ.

"ಒಪ್ಪಿಗಿ ಇಲ್ಲೇ ಅದ," ಎಂದಳು. "ನೋಡಿ ಬರಕೋರಿ."